ಚುಚ್ಚಿದ ಕೈ

ಮೈದಾನದ ಬೇವಿನ ಮರದ ಕೆಳಗೆ ರಂಗಸಾಮಿ ಒಬ್ಬ ಕಬಡ್ಡಿ ಆಟಗಾರನ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಿದ್ದಾಗ ಮ್ಯಾನೇಜರ್ ವಸಂತಕುಮಾರ್ ತಾನೇ ನಡೆದು ಬಂದ. ಆತ ಹಾಗೆ ಬರುವವನಲ್ಲ. ಬೇಕಾದವರನ್ನು ಆಫೀಸಿಗೆ ಕರೆಸಿಕೊಳ್ಳುವವನು. ಬಂದವನು ಕನ್ನಡದಲ್ಲಿ ಮಾತಾಡಿದ. ಇಬ್ಬರೂ ತಮಿಳುನಾಡಿನ ಕಂಬಂ ಕಣಿವೆಯವರು, ಒಂದೇ ಜನದವರು, ಮನೆಯಲ್ಲಿ ಕನ್ನಡ ಆಡುವವರು. ಆದರೆ ದಿಂಡುಕ್ಕಲ್‌ನ ಆ ನೂಲಿನ ಮಿಲ್ಲಿನೊಳಗೆ ವಸಂತಕುಮಾರನ ಬಾಯಲ್ಲಿ ಬರುತ್ತಿದ್ದುದು ತಮಿಳು, ಮೇಲಿನವರೊಡನೆ ಇಂಗ್ಲಿಷು. ಮನೆಮಾತು ಹೊರಡಬೇಕಾದರೆ ಏನಾದರೂ ಕೇಳಿಕೊಳ್ಳುವುದಿರಬೇಕು, ಇಲ್ಲವೇ ಯಾರಾದರೂ ಸತ್ತಿರಬೇಕು. ಅವನು "ರಂಗಸಾಮಣ್ಣಾ, ಒಸಿ ಇತ್ತಗೆ ಬಾ" ಎಂದದ್ದೇ ತಡ, ರಂಗಸಾಮಿಗೆ ಊರಲ್ಲಿರುವ ಅಕ್ಕ ಪಳನಿಯಮ್ಮಾಳ್‌ಗೆ ಏನೋ ಆಯಿತೆಂದೇ ಅನ್ನಿಸಿತು.

ಅಕ್ಕನಿಗೇನೂ ಆಗಿರಲಿಲ್ಲ. ಆಗಿದ್ದು ಅಕ್ಕನ ಮಗಳಿಗೆ.

ಜೆಯಂತಿ ಆ ಮಿಲ್ಲಿನ ತಂಡದ ಓಟಗಾರ್ತಿ. ಐದು ಸಾವಿರ ಮೀಟರ್ ಓಡುವವಳು. ಅಕ್ಟೋಬರ್‌ನಲ್ಲಿ ನಡೆದ ದೇಶಮಟ್ಟದ ಕೂಟದಲ್ಲಿ ಎರಡನೆಯವಳಾಗಿ ಬಂದು, ಮುಂದಿನ ಬೇಸಿಗೆಯಲ್ಲಿ ಹೊರದೇಶಕ್ಕೆ ಹೋಗುವ ತಂಡದ ಆಯ್ಕೆಗೆ ಹೆಸರು ಹಚ್ಚಿಕೊಂಡಿದ್ದಳು. ಓಟ ಮುಗಿದ ಮೇಲೆ ಅವಳ ಮೂತ್ರ ತೆಗೆದುಕೊಂಡಿದ್ದರು. ಅದರಲ್ಲಿ ಮದ್ದು ಸಿಕ್ಕಿತ್ತು. ಅದೇ ಮೂತ್ರವನ್ನು ಎತ್ತಿಟ್ಟಿದ್ದ ಎರಡನೇ ಸೀಸೆಯನ್ನೂ ತೆರೆದು ನೋಡಿ ಆಗಿತ್ತು, ಅದೇ ಮದ್ದು. ವಸಂತಕುಮಾರ್ ಅದರ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದ. ಸ್ನಾಯು ಬಲಿಸುವ ಜಾತಿಯದಂತೆ, ಊಸಿಯಲ್ಲಿ, ಅಂದರೆ ಸೂಜಿಮದ್ದಾಗಿ, ಕೊಡುವಂಥದಂತೆ, ಒಮ್ಮೆ ಕೊಟ್ಟರೆ ತಿಂಗಳುಗಟ್ಟಲೆ ಮೈಯಿಂದ ಹೋಗುವುದಿಲ್ಲವಂತೆ.

ರಂಗಸಾಮಿ ಎಣ್ಣೆಯ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತ. ಅವನು ತಂಡದ ಮಾಲೀಸಿನವನು. ಮೊದಲು ಕಂಬಂನ ಒಬ್ಬ ಡಾಕ್ಟರರ ಬಳಿ ಕಂಪೌಂಡರ್ ಆಗಿದ್ದವನು, ಮಿಲ್ಲಿಗೆ ಸೇರಿದ ಮೇಲೆ ಸಂಜೆ ತರಗತಿಗೆ ಹೋಗಿ ಹತ್ತನೆಯದನ್ನೂ ಆಮೇಲೆ ಪ್ರಥಮ ಚಿಕಿತ್ಸೆಯ ಕೋರ್ಸನ್ನೂ ಮುಗಿಸಿದ್ದ. ಬಾಗಿಲಿಗೆ ಬೀಗ ಹಾಕಿ ಅರ್ಧ ದಾರಿ ಹೋದವನು ತಿರುಗಿ ಬಂದು ಎಳೆದು ನೋಡುವ ಸ್ವಭಾವ. ಆಟಗಾರರು ಅದಕ್ಕೆ ನಗುತ್ತಿದ್ದರು. ಈಗ ಆ ಸ್ವಭಾವ ಅವನನ್ನು ಹಿಡಿದು ಅಲ್ಲಾಡಿಸಿತು. ತಾನು ಅವಳಿಗೆ ಏನೇನು ಕೊಟ್ಟೆ? ಗ್ಲೂಕೋಸ್ ನೀರು ಕೊಟ್ಟಿದ್ದ. ಉಪ್ಪಿನ ಮಾತ್ರೆ. ನೀಲಗಿರಿ ತೈಲ ಕೂಡಿಸಿದ ತೆಂಗಿನೆಣ್ಣೆ. ತಲೆನೋವಿಗೆ ಒಮ್ಮೆ ಒಂದು ಮಾತ್ರೆ, ಅದೂ ಡಾಕ್ಟರನ್ನು ಕೇಳಿ. ಹೀಗೆ ಒಂದೊಂದನ್ನೇ ಮುಟ್ಟಿ ನೋಡುತ್ತ ಹೋದ ಮನಸ್ಸು ಕೊಡೈಕಾನಲ್‌ಗೆ ಬಂದು ಅಲ್ಲಿಯೇ ನಿಂತುಬಿಟ್ಟಿತು.

ಕೂಟಕ್ಕೆ ಮುಂಚೆ ತಂಡವನ್ನು ತರಬೇತಿಗೆಂದು ಕೊಡೈಗೆ ಕರೆದುಕೊಂಡು ಹೋಗಿದ್ದರು. ಒಂದು ಹೋಟೆಲಿನ ಹಿಂಭಾಗದ ಕೋಣೆಗಳಲ್ಲಿ ವಾಸ. ಬೆಳಿಗ್ಗೆ ಮಂಜಿನಲ್ಲಿ ಕ್ಯಾರೆಟ್ ತೋಟಗಳ ಮಗ್ಗುಲಿನ ಏರುದಾರಿಯಲ್ಲಿ ಓಟ. ಆ ಏರಿಳಿತಕ್ಕೆ ಜೆಯಂತಿಯ ಮೊಳಕಾಲಿನ ಕೆಳಗೆ ಎಲುಬಿನುದ್ದಕ್ಕೂ ನೋವು ಬಂತು. ರಂಗಸಾಮಿ ತಿಕ್ಕಿದ, ಬಿಸಿನೀರಿನ ಶಾಖ ಕೊಟ್ಟ, ಇಳಿಯಲಿಲ್ಲ. ಮಿಲ್ಲಿನವರು ಮದುರೆಯಿಂದ ಗೊತ್ತುಮಾಡಿಕೊಂಡಿದ್ದ ಎಳೆಯ ಡಾಕ್ಟರು ನೋಡಿ, ಊಸಿ ಹಾಕೋಣ, ಬೇಗ ಕೂಡಿಕೊಳ್ಳುತ್ತದೆ, ಮೈಗೂ ಬಲ ಬರುತ್ತದೆ ಎಂದ.

ಜೆಯಂತಿಗೆ ಊಸಿ ಕಂಡರೆ ಆಗದು. ಡಾಕ್ಟರು ಸಿರಿಂಜು ತೆಗೆಯುತ್ತಲೇ ಅವಳು ಗೋಡೆಗೆ ಒರಗಿ ಬೆವತುಬಿಟ್ಟಳು. ಇಪ್ಪತ್ತು ವರ್ಷದ ಹುಡುಗಿ, ಒಂದು ತಾಸು ಓಡಿದರೂ ಉಬ್ಬಸಪಡದವಳು, ಇಷ್ಟುದ್ದ ಸೂಜಿಗೆ ಹೀಗೆ ಮಾಡುತ್ತಾಳೆಂದು ಡಾಕ್ಟರಿಗೆ ಬೇಸರ. ಅವಳು ಒಂದೇ ಮಾತು ಹೇಳಿದಳು, ಮಾಮ ಹಾಕಿದರೆ ಹಾಕಿಸಿಕೊಳ್ಳುತ್ತೇನೆ ಅಂತ.

ಅದಕ್ಕೆ ಕಾರಣವಿತ್ತು. ಅವರ ಜನದಲ್ಲಿ ತಾಯಿಮಾಮನ ಕೈ ಎಂದರೆ ಬೇರೆ. ಮಗುವಿನ ಕಿವಿ ಚುಚ್ಚುವುದು ತಾಯಿಮಾಮನ ಮಡಿಲಲ್ಲಿ, ಹುಡುಗಿ ದೊಡ್ಡವಳಾದಾಗ ಮೊದಲ ಸೀರೆ ತಾಯಿಮಾಮನದು, ಮದುವೆಯ ಹಸೆಗೆ ಕೈಹಿಡಿದು ಕರೆತರುವವನೂ ಅವನೇ. ಅವನ ಕೈಯಿಂದ ಬಂದದ್ದನ್ನು ಬಲಗೈ ಚಾಚಿ, ಎಡಗೈ ಅದಕ್ಕೆ ಆನಿಸಿ, ಕಣ್ಣು ತಗ್ಗಿಸಿ ತೆಗೆದುಕೊಳ್ಳಬೇಕು. ಇದೇನು ಎಂದು ಕೇಳುವಂತಿಲ್ಲ. ಕೇಳಿದರೆ ಅವನ ಮೇಲೆ ಅನುಮಾನಪಟ್ಟಂತೆ. ಮಕ್ಕಳಿಗೆ ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ, ನೋಡಿ ನೋಡಿ ಬಂದುಬಿಡುತ್ತದೆ. ಜೆಯಂತಿ ಹುಟ್ಟುವ ಮುಂಚೆಯೇ ತಂದೆ ತೀರಿಕೊಂಡಿದ್ದ. ಇದ್ದವನು ಒಬ್ಬನೇ ಮಾಮ, ಅವನೂ ಕಂಪೌಂಡರ್. ಜ್ವರ ಬಂದಾಗಲೆಲ್ಲ ಅವನ ಹೆಗಲಿಗೆ ಮುಖ ಒತ್ತಿಕೊಂಡು ಊಸಿ ಹಾಕಿಸಿಕೊಂಡು ಬೆಳೆದವಳು ಅವಳು.

ಅವಳನ್ನು ಪಕ್ಕದ ಕೋಣೆಯ ಮಂಚದ ಮೇಲೆ ಮಲಗಿಸಿ, ಡಾಕ್ಟರು ಮದ್ದಿನ ಸೀಸೆಯನ್ನು ರಂಗಸಾಮಿಯ ಕೈಗಿಟ್ಟ. ರಂಗಸಾಮಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರವಾಗಿ ಓದಿದ. ಓದಲು ಬಂತು, ಅದು ಏನೆಂದು ತಿಳಿಯಲಿಲ್ಲ. ಇದು ಏನು ಸಾರ್ ಎಂದು ಕೇಳಿದ. ಡಾಕ್ಟರು ಸತ್ತೂಸಿ ಎಂದ, ಅಂದರೆ ಶಕ್ತಿಯ ಊಸಿ, ಆ ಕಡೆ ಬಸವಳಿದವರೆಲ್ಲ ಹಾಕಿಸಿಕೊಳ್ಳುವಂಥದು. ರಂಗಸಾಮಿ ಸೀಸೆಯನ್ನು ಇನ್ನೂ ತಿರುಗಿಸಿ ನೋಡುತ್ತಿದ್ದುದನ್ನು ಕಂಡು ಡಾಕ್ಟರು ಕೋಚ್‌ನ ಕಡೆ ತಿರುಗಿ, ಅಣ್ಣಾಚಿಯ ಸಂಜೆ ಕಾಲೇಜಿನಲ್ಲಿ ಈ ಪಾಠ ಬಂದಿಲ್ಲವೋ ಏನೋ ಎಂದ. ಕೋಚ್ ನಕ್ಕ. ಬಾಗಿಲಲ್ಲಿ ನಿಂತಿದ್ದ ಹುಡುಗಿಯರೂ ನಕ್ಕರು. ರಂಗಸಾಮಿಯೂ ನಕ್ಕ. ಓಟಕ್ಕೆ ಹೋಗುವವರಿಗೆ ಇದು ಆಗುತ್ತದೆಯೇ ಎಂಬ ಇನ್ನೊಂದು ಪ್ರಶ್ನೆ ನಾಲಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡ. ಸೂಜಿಯನ್ನು ನೋಡಿದ, ಸಿರಿಂಜಿನ ಗಾಳಿ ತೆಗೆದ, ಸ್ಪಿರಿಟ್‌ನಿಂದ ಒರೆಸಿದ, ಒಂದು ತಪ್ಪಿಲ್ಲದೆ ಎಲ್ಲವನ್ನೂ ಮಾಡಿದ. ಮಂಚದ ಮೇಲೆ ಜೆಯಂತಿ ಮುಖ ತಿರುಗಿಸಿ ಅವನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು. ಮುಂದಿನ ವಾರ ಇನ್ನೊಂದು ಹಾಕಿದ. ಆಗ ಯಾರೂ ಏನೂ ಕೇಳಲಿಲ್ಲ.

ಇದನ್ನೆಲ್ಲ ಬೇವಿನ ಮರದ ಕೆಳಗೇ ವಸಂತಕುಮಾರನಿಗೆ ಹೇಳಿದ. ಅವನು ಅರ್ಧಕ್ಕೇ ಕೈ ಎತ್ತಿ ತಡೆದ. ತನಗೆ ಗೊತ್ತು, ಡಾಕ್ಟರ ಜೊತೆ ಮಾತಾಡಿ ಆಗಿದೆ ಎಂದ. ಡಾಕ್ಟರು ತಾನು ಕೊಟ್ಟದ್ದು ವಿಟಮಿನ್ ಮಾತ್ರ ಎನ್ನುತ್ತಿದ್ದಾನೆ. ಮಿಲ್ಲಿನ ದೊಡ್ಡವರು ಅವನ ಮಾತನ್ನೇ ಹಿಡಿಯುತ್ತಾರೆ, ಇಲ್ಲದಿದ್ದರೆ ತಂಡವೇ ಮುಚ್ಚಬೇಕಾಗುತ್ತದೆ. ಪೊಂಗಲ್‌ಗೆ ಮೊದಲು ವಿಚಾರಣಾ ಸಮಿತಿ ದಿಂಡುಕ್ಕಲ್‌ಗೇ ಬರುತ್ತದೆ. ಅಲ್ಲಿ ಹೀಗೆ ಹೇಳಿದರೆ ಎಲ್ಲರಿಗೂ ಒಳ್ಳೆಯದು: ಹುಡುಗಿ ಊರಿಗೆ ಹೋಗಿದ್ದಾಗ ಜ್ವರ ಬಂತು, ಯಾವನೋ ನಾಟಿ ವೈದ್ಯ ಊಸಿ ಹಾಕಿದ, ಏನೆಂದು ಗೊತ್ತಿಲ್ಲ. ತಿಳಿಯದ ಹಳ್ಳಿಯ ಹುಡುಗಿ ಎಂದು ಸಮಿತಿಯವರು ಕನಿಕರಪಟ್ಟು ಸ್ವಲ್ಪದರಲ್ಲೇ ಬಿಡಬಹುದು. ಮಿಲ್ಲಿನ ಕೆಲಸವನ್ನು ಅವಳಿಗೆ ಉಳಿಸಿಕೊಡುವುದು ತನ್ನ ಹೊಣೆ.

"ನಿಜ ಹೇಳಿದ್ರೆ ನಿನ್ನ ಕೆಲಸ ಹೋಯ್ತದೆ, ಅವಳ್ದೂ ಹೋಯ್ತದೆ. ಓಟ ಹೆಂಗೂ ಹೋಗಿರ್ತದೆ," ಎಂದ ವಸಂತಕುಮಾರ್. "ನಮ್ಮ ಹುಡುಗಿ ಅಂತ ಹೇಳ್ತವ್ನಿ ಅಣ್ಣಾ. ಬೇರೆಯೋರಾಗಿದ್ರೆ ನಾ ಇಲ್ಲಿಗಂಟ ಬರ್ತಿರ್ಲಿಲ್ಲ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟವಾಗಿದ್ದು ರಂಗಸಾಮಿಗೆ. ಕೆಟ್ಟವನೊಬ್ಬ ಬಂದು ಸುಳ್ಳು ಹೇಳು ಎಂದಿದ್ದರೆ ಆಗುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ಇವನು ಕೆಟ್ಟವನಲ್ಲ. ಯಾವುದರಿಂದ ಹುಡುಗಿ ಉಳಿಯುತ್ತಾಳೆ, ಸುಳ್ಳಿನಿಂದಲೋ ನಿಜದಿಂದಲೋ? ತಾನು ನಿಜ ಹೇಳಬೇಕೆನ್ನುವುದು ಅವಳಿಗಾಗಿಯೋ ಅಥವಾ ತನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೋ? ಯೋಚಿಸಿದಷ್ಟೂ ಅವನಿಗೆ ತನ್ನ ಮೇಲೇ ನಂಬಿಕೆ ಹೋಯಿತು. ಅವಳನ್ನೇ ಕೇಳಬೇಕು ಎಂದುಕೊಂಡು ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ.

ವತ್ತಲಗುಂಡು ದಾಟಿ, ತೇನಿಯಲ್ಲಿ ಬಸ್ಸು ಬದಲಾಯಿಸಿ, ಅಕ್ಕನ ಊರು ಹನುಮಂತನಪಟ್ಟಿಯಲ್ಲಿ ಇಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ತಮಿಳು ಪೇಪರಿನಲ್ಲಿ ನಾಲ್ಕು ಸಾಲು ಬಂದಿತ್ತಂತೆ. ಟೀ ಅಂಗಡಿಯ ಬೆಂಚಿನಲ್ಲಿ ಕುಳಿತಿದ್ದವರು ಅವನನ್ನು ಕಂಡು ಮಾತು ನಿಲ್ಲಿಸಿದರು. ಅವರಲ್ಲಿ ದುರೈ ಎಂಬ ದ್ರಾಕ್ಷಿ ದಲ್ಲಾಳಿ ಮಾತ್ರ, ಅವನಿಗೆ ಕೇಳಲೆಂದೇ, ನಮ್ಮ ಎತ್ತಿಗೂ ಅದನ್ನೇ ಒಂದು ಚುಚ್ಚಿಸಿದರೆ ಕಂಬಂ ಸಂತೆಗೆ ಬಸ್ಸಿಗಿಂತ ಮೊದಲು ಹೋಗಬಹುದು ಎಂದ. ಹೋದ ದೀಪಾವಳಿಯಲ್ಲಿ ಜೆಯಂತಿಯ ಕೊರಳಿಗೆ ಹಾರ ಹಾಕಿ ಪಟಾಕಿ ಹೊಡೆದವನೂ ಅವನೇ.

ಪಳನಿಯಮ್ಮಾಳ್ ದ್ರಾಕ್ಷಿ ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಿದ್ದಳು. ಜೆಯಂತಿ ಅವಳ ಜೊತೆಗಿದ್ದಳು. ಎರಡು ದಿನದ ಹಿಂದೆಯೇ ಮಿಲ್ಲಿನ ಹಾಸ್ಟೆಲಿನಿಂದ ಅವಳನ್ನು ಮನೆಗೆ ಕಳಿಸಿದ್ದರು, ಕಾರಣ ಹೇಳದೆ. ಅಲ್ಲಿಗೆ ಬರುವಾಗ ರಂಗಸಾಮಿ ಯಾವ ಮಾತಿನಿಂದ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ. ಅವರ ಮುಖ ನೋಡಿದ ಮೇಲೆ ಅದೆಲ್ಲ ಉಳಿಯಲಿಲ್ಲ. ಕೊಡೈಯ ಊಸಿಯಲ್ಲಿದ್ದದ್ದು ಅದೇ ಮದ್ದು, ಹಾಕಿದ್ದು ತಾನು ಎಂದು ಒಂದೇ ಉಸಿರಿಗೆ ಹೇಳಿ ನೆಲ ನೋಡಿದ.

ಅಕ್ಕ ಬಯ್ಯುತ್ತಾಳೆಂದುಕೊಂಡಿದ್ದ. ಅವಳು ಕೈಯಲ್ಲಿದ್ದ ಬಾಳೆನಾರನ್ನು ಸುಮ್ಮನೆ ಸುತ್ತುತ್ತ ನಿಂತಳು.

"ನೀ ಊಟ ಮಾಡ್ದ್ಯಾ?" ಎಂದಳು ಕೊನೆಗೆ.

ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಕಿತು ಅವನಿಗೆ.

ಜೆಯಂತಿ ಚಪ್ಪರದ ಕಲ್ಲುಕಂಬಕ್ಕೆ ಒರಗಿದಳು. ಆಮೇಲೆ, ಅದು ಏನೆಂದು ಮಾಮ ಕೇಳಿದ್ದನೇ ಎಂದು ಕೇಳಿದಳು. ಒಂದು ಸಲ ಕೇಳಿದ್ದೆ ಎಂದ ರಂಗಸಾಮಿ. ಅವಳು ತಲೆಯಾಡಿಸಿದಳು. ಆ ದಿನ ಬಾಗಿಲಲ್ಲಿ ನಕ್ಕವರಲ್ಲಿ ತಾನಿರಲಿಲ್ಲ, ಆದರೆ ನಗು ಕೇಳಿಸಿತ್ತು ಎಂದಳು.

ಅವನು ವಸಂತಕುಮಾರನ ಮಾತನ್ನು ಇದ್ದದ್ದು ಇದ್ದಂತೆ ಅವಳ ಮುಂದಿಟ್ಟ. ನಾಟಿ ವೈದ್ಯ, ಜ್ವರ, ಕನಿಕರ, ಉಳಿಯುವ ಕೆಲಸ. ತನ್ನ ಅಭಿಪ್ರಾಯವನ್ನು ಸೇರಿಸಲಿಲ್ಲ. ಸೇರಿಸಲು ಇರಲೂ ಇಲ್ಲ. ಅಕ್ಕನ ಮುಖದಲ್ಲಿ ಆಸೆ ಮೂಡಿದ್ದನ್ನು ಕಂಡ. ಕೆಲಸ ಉಳಿದರೆ ಸಾಕು, ಓಟದ ಮಾತು ಆಮೇಲೆ ಎಂದು ಅವಳು ಮೆಲ್ಲಗೆ ಶುರುಮಾಡಿದಳು.

"ವೇಂಡಾ ಅವ್ವಾ, ಬೇಡ," ಎಂದಳು ಜೆಯಂತಿ. ಅವಳ ಮಾತಿನಲ್ಲಿ ತಮಿಳು ಕನ್ನಡ ಕಲೆತೇ ಬರುತ್ತಿದ್ದವು. "ಇಲ್ದೇ ಇರೋ ವೈದ್ಯನ ಹೆಸರು ಹೇಳಿದ್ರೆ ನಾನೇ ಕದ್ದು ಹಾಕಿಸ್ಕೊಂಡೆ ಅಂತ ಆಯ್ತದೆ. ನನ್ನ ಕಾಲು ಓಡ್ತು ಮಾಮಾ. ಅದನ್ನ ನೀ ನೋಡಿದ್ದೀಯ. ನೋಡಿದ್ದನ್ನ ಹೇಳು, ಮಾಡಿದ್ದನ್ನ ಹೇಳು. ಸಾಕು."

ಅಲ್ಲಿಗೆ ಅದು ತೀರ್ಮಾನವಾಯಿತು. ರಂಗಸಾಮಿಗೆ ಒಂದು ಬಗೆಯ ಹಗುರವೂ ಆಯಿತು. ನಿಜ ಹೇಳಿದರೆ ಹುಡುಗಿಯದು ತಪ್ಪಿಲ್ಲವೆಂದು ಗೊತ್ತಾಗುತ್ತದೆ, ತಪ್ಪಿಲ್ಲದವಳನ್ನು ಯಾರು ತಾನೇ ಹೊರಗಿಡುತ್ತಾರೆ? ಕೆಲಸ ಹೋದರೂ ಓಟ ಉಳಿಯಬಹುದು. ಅವನು ಈ ಲೆಕ್ಕವನ್ನು ಬಸ್ಸಿನಲ್ಲಿ ಮತ್ತೆ ಮತ್ತೆ ಹಾಕಿ ನೋಡಿದ; ಪ್ರತಿ ಸಲವೂ ಸರಿಯಾಗಿಯೇ ಕಂಡಿತು.

ಸಮಿತಿ ಕುಳಿತದ್ದು ದಿಂಡುಕ್ಕಲ್‌ನ ಒಂದು ಅತಿಥಿಗೃಹದಲ್ಲಿ. ಕಿಟಕಿಯಿಂದ ಕೋಟೆಯ ಬಂಡೆ ಕಾಣುತ್ತಿತ್ತು, ಎಲ್ಲಿಂದಲೋ ಹೊಗೆಸೊಪ್ಪು ಒಣಹಾಕಿದ ವಾಸನೆ. ಮೇಜಿನ ಆಚೆ ಮೂವರಿದ್ದರು. ಅಧ್ಯಕ್ಷರು ನರೆತ ಕೂದಲಿನ ಹಿರಿಯರು, ಹಿಂದೆ ತಾವೂ ಓಡಿದ್ದವರಂತೆ. ಡಾಕ್ಟರು ಬಂದಿರಲಿಲ್ಲ. ಬೇರೆ ದೊಡ್ಡ ತಂಡವೊಂದರ ಜೊತೆ ಪ್ರವಾಸದಲ್ಲಿದ್ದಾನೆ, ಹೇಳಬೇಕಾದ್ದನ್ನು ಬರೆದು ಕಳಿಸಿದ್ದಾನೆ ಎಂದರು. ವಸಂತಕುಮಾರ್ ಮೂಲೆಯ ಕುರ್ಚಿಯಲ್ಲಿ ಕುಳಿತು ತನ್ನ ಬೂಟುಗಳನ್ನು ನೋಡಿಕೊಳ್ಳುತ್ತಿದ್ದ.

ರಂಗಸಾಮಿ ತಮಿಳಿನಲ್ಲಿ ಎಲ್ಲವನ್ನೂ ಹೇಳಿದ. ನೋವು ಬಂದದ್ದು, ಡಾಕ್ಟರು ಸೀಸೆ ಕೊಟ್ಟದ್ದು, ತಾನು ಓದಿದ್ದು, ಕೇಳಿದ್ದು, ಮತ್ತೊಮ್ಮೆ ಕೇಳದೆ ಹೋದದ್ದು. ಎರಡು ಸಲ ತೊದಲಿದ. ಅಧ್ಯಕ್ಷರು ಅವಸರಪಡಿಸಲಿಲ್ಲ, ನೀರು ಕುಡಿಯಲು ಹೇಳಿದರು. ಎಲ್ಲ ಮುಗಿದ ಮೇಲೆ ಅವರು ಕನ್ನಡಕ ತೆಗೆದು, ನಿಮ್ಮ ಮಾತನ್ನು ನಾನು ನಂಬುತ್ತೇನೆ ಎಂದರು. ಆ ಒಂದು ಗಳಿಗೆ ರಂಗಸಾಮಿಗೆ ಕಣ್ಣು ತುಂಬಿ ಬಂತು.

ಆಮೇಲೆ ಅವರು ಜೆಯಂತಿಯ ಕಡೆ ತಿರುಗಿ, ನೀನು ಕೇಳಿದೆಯಾ ಅಮ್ಮಾ, ಅದು ಏನೆಂದು, ಎಂದರು. ಇಲ್ಲ ಎಂದಳು. ಏಕೆ ಕೇಳಲಿಲ್ಲ ಎಂದರು. ಅವಳು, ಕೊಟ್ಟವರು ತಾಯಿಮಾಮ, ನಮ್ಮಲ್ಲಿ ಕೇಳುವುದಿಲ್ಲ ಎಂದಳು. ಮೇಜಿನ ಆಚೆ ಇದ್ದ ಇನ್ನೊಬ್ಬರು ಅದನ್ನು ಬರೆದುಕೊಂಡರು. ಬರೆದುಕೊಂಡ ಬಗೆ ನೋಡಿಯೇ ರಂಗಸಾಮಿಗೆ ಏನೋ ಕೈಜಾರಿತು ಎನ್ನಿಸಿತು.

ಜಾರಿತ್ತು. ಅಧ್ಯಕ್ಷರು ಮೆತ್ತಗೆ, ಎಳೆಯರಿಗೆ ಪಾಠ ಹೇಳುವ ಮೇಷ್ಟ್ರ ಹಾಗೆ ವಿವರಿಸಿದರು. ಓಡುವವರ ಮೈಯಲ್ಲಿ ಏನಿದೆಯೋ ಅದಕ್ಕೆ ಓಡುವವರೇ ಹೊಣೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದು ಬೇರೆ ವಿಷಯ. ಅದನ್ನು ವಿಚಾರಿಸಲು ಈ ಸಮಿತಿಗೆ ಅಧಿಕಾರವಿಲ್ಲ. ಡಾಕ್ಟರ ಮೇಲೆ ದೂರಿದ್ದರೆ ಬೇರೆ ಕಡೆ ಹೋಗಬೇಕು. ಯಾರೋ ಕೊಟ್ಟರು ಎಂದವರನ್ನೆಲ್ಲ ಬಿಟ್ಟರೆ, ಬೇಕೆಂದೇ ಹಾಕಿಸಿಕೊಂಡವರೂ ನಾಳೆ ಅದನ್ನೇ ಹೇಳುತ್ತಾರೆ. ಕೇಳದೆ ಹಾಕಿಸಿಕೊಂಡದ್ದು ಅವಳ ಅಜಾಗ್ರತೆ. ಎರಡು ವರ್ಷ ಅವಳು ಯಾವ ಕೂಟದಲ್ಲೂ ಓಡುವಂತಿಲ್ಲ, ಅಕ್ಟೋಬರಿನ ಪದಕ ವಾಪಸು ಕೊಡಬೇಕು. ಇಷ್ಟು ಹೇಳಿ ಅವರು, ನನಗೂ ಮೊಮ್ಮಗಳಿದ್ದಾಳೆ ಎಂದರು, ಯಾಕೆ ಹೇಳಿದರೋ.

ರಂಗಸಾಮಿ ಎದ್ದು ನಿಂತು, ಚುಚ್ಚಿದ್ದು ನಾನು, ಆ ಎರಡು ವರ್ಷ ನನಗೆ ಹಾಕಿ ಎಂದ. ಅದು ಎಷ್ಟು ದಡ್ಡ ಮಾತೆಂದು ಹೇಳುವಾಗಲೇ ತಿಳಿದಿತ್ತು. ಯಾರೂ ನಗಲಿಲ್ಲ. ಜೆಯಂತಿ ಅವನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದಳು.

ವಾರದೊಳಗೆ ಇಬ್ಬರನ್ನೂ ಮಿಲ್ಲಿನಿಂದ ಬಿಡಿಸಿದರು. ವಸಂತಕುಮಾರ್ ಗೇಟಿನವರೆಗೂ ಬಂದ. ತಾನು ಹೇಳಿದ್ದೆನಲ್ಲ ಎನ್ನಲಿಲ್ಲ. ತನ್ನ ಕೈಲಾದಷ್ಟು ನೋಡಿದೆ ಎಂದ, ತಮಿಳಿನಲ್ಲಿ.

ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್ ದಿನ ಅವರ ಜನವೆಲ್ಲ ಕಂಬಂನ ತೊಳುವಿನಲ್ಲಿ ಸೇರುತ್ತಾರೆ. ತೊಳು ಎಂದರೆ ದೇವರಿಗೆ ಬಿಟ್ಟ ದನಗಳ ದೊಡ್ಡಿ. ಅಲ್ಲಿ ಗುಡಿಯೆಂದು ಕಟ್ಟಿದ್ದು ಹೆಚ್ಚೇನೂ ಇಲ್ಲ, ದನಗಳೇ ದೇವರು. ಚಪ್ಪಲಿ ಹೊರಗೆ ಬಿಟ್ಟು ಆ ಸಗಣಿಯ ನೆಲದ ಮೇಲೆ ನಿಂತವರು ಸುಳ್ಳಾಡುವುದಿಲ್ಲ. ನೆಂಟರಲ್ಲಿ ಜಗಳವಿದ್ದರೆ, ಯಾರ ಮೇಲಾದರೂ ಅಪವಾದವಿದ್ದರೆ, ಪೂಜೆಯಾದ ಮೇಲೆ ಹಿರಿಯರು ಅಲ್ಲಿಯೇ ಕುಳಿತು ಕೇಳುತ್ತಾರೆ. ಅಕ್ಕ ಬೇಡ ಬೇಡ ಎಂದರೂ ರಂಗಸಾಮಿ ಹೋಗಲೇಬೇಕೆಂದ. ಓಟವನ್ನಂತೂ ಉಳಿಸಲಾಗಲಿಲ್ಲ, ಹೆಸರನ್ನಾದರೂ ಉಳಿಸಬಹುದು. ಹನುಮಂತನಪಟ್ಟಿಯಲ್ಲಿ ಅವಳಿಗೆ ಮದ್ದಿನ ಹುಡುಗಿ ಎಂಬ ಹೆಸರು ಬಿದ್ದುಹೋಗಿತ್ತು. ಮದುವೆಗೆ ಗೊತ್ತಾಗಿದ್ದ ಸಂಬಂಧದವರು ಹೊಸಿಲು ತುಳಿಯುವುದನ್ನು ನಿಲ್ಲಿಸಿದ್ದರು. ಮದ್ದು ತಿಂದವಳ ಹೊಟ್ಟೆಯಲ್ಲಿ ಮಕ್ಕಳಾಗುವುದಿಲ್ಲವಂತೆ ಎಂದು ಕಣ್ಣಮ್ಮಾಳ್ ಎಂಬ ದಾಯಾದಿ ಹೆಂಗಸು ಬಾವಿಯ ಹತ್ತಿರ ಹೇಳಿದ್ದು ಅಕ್ಕನ ಕಿವಿಗೂ ಬಿದ್ದಿತ್ತು.

ಕಬ್ಬಿನ ಜಲ್ಲೆಗಳ ನಡುವೆ, ಕೊಂಬಿಗೆ ಬಣ್ಣ ಬಳಿದ ದನಗಳ ಮುಂದೆ ರಂಗಸಾಮಿ ಬರಿಗಾಲಲ್ಲಿ ನಿಂತ. ಈ ಸಲ ಕನ್ನಡದಲ್ಲಿ ಹೇಳಿದ, ಈ ಸಲ ತೊದಲಲಿಲ್ಲ. ಹುಡುಗಿಗೆ ಅದು ಏನೆಂದು ಗೊತ್ತಿರಲಿಲ್ಲ, ಅವಳು ನನ್ನ ಕೈ ನೋಡಿ ಕೈ ಚಾಚಿದಳು, ಚುಚ್ಚಿದವನು ನಾನು. ಹಿರಿಯರ ನಡುವೆ ಕುಳಿತಿದ್ದ ಪಿಚ್ಚೈ ತಾತ ಎಲೆಯಡಿಕೆ ಉಗುಳಿ ಬಂದು ಎಲ್ಲವನ್ನೂ ಮೊದಲಿಂದ ಇನ್ನೊಮ್ಮೆ ಕೇಳಿದ. ಜನ ಗುಂಪಾಗಿ ನಿಂತು ಕೇಳಿಸಿಕೊಂಡರು. ದಲ್ಲಾಳಿ ದುರೈ ಕೂಡ ಇದ್ದ, ಮುಖ ತಗ್ಗಿಸಿದ್ದ.

ಹಿರಿಯರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಪಿಚ್ಚೈ ತಾತ ತೀರ್ಪು ಹೇಳಿದ. ಹುಡುಗಿಯ ಮೇಲೆ ಅಪವಾದವಿಲ್ಲ. ಇನ್ನು ಮುಂದೆ ಯಾರಾದರೂ ಅವಳನ್ನು ಮದ್ದಿನವಳು ಎಂದರೆ ತೊಳುವಿಗೆ ತಪ್ಪುಕಾಣಿಕೆ ಕಟ್ಟಬೇಕು. ಇಷ್ಟಕ್ಕೆ ರಂಗಸಾಮಿ ಕೈಮುಗಿದ. ತಾತ ಮುಗಿಸಿರಲಿಲ್ಲ. ತಾಯಿಮಾಮನ ಕೈಯಿಂದ ಕೇಡು ಬಂದಿದೆ. ಆ ಕೈ ಇನ್ನು ಅವಳ ಶುಭಕ್ಕೆ ಬರುವುದು ಬೇಡ. ಮದುವೆಯಲ್ಲಿ ಮಾಮನ ಜಾಗಕ್ಕೆ ದಾಯಾದಿಗಳಲ್ಲಿ ಒಬ್ಬನನ್ನು ನಿಲ್ಲಿಸಿಕೊಳ್ಳಲಿ.

ಪಳನಿಯಮ್ಮಾಳ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಂಗಸಾಮಿಗೆ ಇದೂ ಸರಿಯೆಂದೇ ತೋರಿತು. ಅಳತೆಗೆ ಹೆಚ್ಚಾಯಿತೋ ಕಡಿಮೆಯಾಯಿತೋ ತೂಗಿ ನೋಡುವ ಶಕ್ತಿ ಅವನಲ್ಲಿರಲಿಲ್ಲ. ಎಲ್ಲಾದರೂ ಒಂದು ಕಡೆ ಯಾರಾದರೂ ಈ ತಪ್ಪು ನಿನ್ನದು ಎಂದು ಅವನಿಗೆ ಹೇಳಬೇಕಾಗಿತ್ತು.

ಹೆಂಗಸರ ಸಾಲಿನಿಂದ ಜೆಯಂತಿ ಮುಂದೆ ಬಂದಳು. ಆ ಜಾಗದಲ್ಲಿ ಹುಡುಗಿಯರು ಮಾತಾಡುವ ವಾಡಿಕೆಯಿಲ್ಲ. ಅವಳ ಕನ್ನಡ ಅಷ್ಟು ಚೆನ್ನಾಗಿಯೂ ಇರಲಿಲ್ಲ, ಪದ ಸಿಗದ ಕಡೆ ನಿಂತು ನಿಂತು ಹೇಳಿದಳು.

"ಅಲ್ಲಿ ಎಲ್ಲಾನೂ ನನ್ನ ಮ್ಯಾಲೆ ಹಾಕಿದ್ರು. ಇಲ್ಲಿ ಎಲ್ಲಾನೂ ಮಾಮನ ಮ್ಯಾಲೆ ಹಾಕ್ತೀರಿ. ಸೀಸೆ ಕೊಟ್ಟವ್ನು ಒಬ್ಬ ಅವ್ನೆ. ಅವ್ನನ್ನ ಇಟ್ಕೊಂಡಿದ್ದ ಮಿಲ್ಲು ಅದೆ. ಅವ್ರಿಗೆ ಏನು ತಾತಾ?"

ಪಿಚ್ಚೈ ತಾತ ಸಿಟ್ಟಾಗಲಿಲ್ಲ.

"ಅವ್ರು ನಮ್ಮೋರಲ್ಲ ಮಗಾ," ಎಂದ. "ನಮ್ಮ ಕೈಗೆ ಸಿಗೋರ್ನ ತಾನೇ ನಾವು ಹಿಡ್ಕೊಳ್ಳಾಕಾಗೋದು."

ಪೊಂಗಲ್ ಹಂಚಲು ಎಲೆ ಹಾಕಿದರು, ಜನ ಅತ್ತ ನಡೆದರು.

ಊಟಕ್ಕೆ ನಿಲ್ಲಲು ಮೂವರಿಗೂ ಮನಸ್ಸಾಗಲಿಲ್ಲ. ಅಕ್ಕ ಯಾರನ್ನೋ ಮಾತಾಡಿಸಿ ಬರುತ್ತೇನೆಂದು ಹಿಂದುಳಿದಳು. ಮಾಮನ ಜಾಗಕ್ಕೆ ನಿಲ್ಲುವ ದಾಯಾದಿಯನ್ನೇ ಇರಬೇಕು. ರಂಗಸಾಮಿ, ಜೆಯಂತಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಬಿಸಿಲು ಚುರುಕಾಗಿತ್ತು. ಹಬ್ಬಕ್ಕೆ ಬಂದವರಿಂದ ಷೇರ್ ಆಟೋಗಳು ತುಂಬಿ ಹೋಗುತ್ತಿದ್ದವು. ಅವನು ಅವಳ ಪಕ್ಕದಲ್ಲಿ ನಡೆಯುತ್ತ, ಎರಡು ವರ್ಷವೆಂದರೆ ಬಹಳವಲ್ಲ, ಅಷ್ಟು ಹೊತ್ತಿಗೆ ಅವಳಿಗೆ ಇಪ್ಪತ್ತೆರಡು, ಐದು ಸಾವಿರ ಓಡುವವರಿಗೆ ಅದೇ ಒಳ್ಳೆಯ ವಯಸ್ಸು ಎಂದ. ಕಾಲುವೆಯ ಏರಿಯ ಮೇಲೆ ದಿನಾ ಓಡಿಕೊಂಡಿದ್ದರೆ ಕಾಲು ಮರೆಯುವುದಿಲ್ಲ, ಬೇಕಾದರೆ ತಾನೇ ಸೈಕಲ್ಲಿನಲ್ಲಿ ಜೊತೆಗೆ ಬರುತ್ತೇನೆ ಎಂದ. ಅವಳು ಹೂಂ ಎಂದಳು. ಮಾಡುತ್ತೇನೆ ಎಂದಲ್ಲ, ಕೇಳಿಸಿತು ಎಂಬಂತೆ.

ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ದ್ರಾಕ್ಷಿ ರಸದ ಅಂಗಡಿ. ಅವಳ ತುಟಿ ಒಣಗಿದ್ದು ಕಂಡು ಅವನು ಎರಡು ಲೋಟ ಹೇಳಿದ. ಅಂಗಡಿಯವನು ಕಪ್ಪು ರಸವನ್ನು ಸೋಸಿ ಲೋಟಗಳನ್ನು ಹಲಗೆಯ ಮೇಲಿಟ್ಟ. ರಂಗಸಾಮಿ ಒಂದನ್ನು ತೆಗೆದು, ಹೊರಗಿನ ತೇವವನ್ನು ಅಂಗಿಗೆ ಒರೆಸಿ ಅವಳಿಗೆ ಕೊಟ್ಟ. ಅವಳು ಬಲಗೈ ಚಾಚಿ, ಎಡಗೈ ಆನಿಸಿ ತೆಗೆದುಕೊಂಡಳು. ಆದರೆ ಲೋಟ ತುಟಿಯವರೆಗೆ ಹೋಗಲಿಲ್ಲ. ಅದರೊಳಗೆ ನೋಡಿದಳು. ಆಮೇಲೆ ಅಂಗಡಿಯವನಿಗೆ ತಮಿಳಿನಲ್ಲಿ, ಇದರಲ್ಲಿ ಏನೇನು ಹಾಕಿದ್ದೀರಿ ಅಣ್ಣಾ ಎಂದು ಕೇಳಿದಳು.

ಅಂಗಡಿಯವನಿಗೆ ನಗು ಬಂತು. ಕಂಬಂನಲ್ಲಿ ನಿಂತು ದ್ರಾಕ್ಷಿ ರಸದಲ್ಲಿ ಏನಿದೆ ಎಂದು ಕೇಳುವವರೂ ಉಂಟೇ ಎಂದ. ಹಣ್ಣು, ಸಕ್ಕರೆ, ಐಸು ಅಂತ ಬೆರಳು ಮಡಿಸಿ ಹೇಳಿದ.

ತಾನು ಕೇಳಿದ್ದೇನೆಂದು ಅವಳಿಗೆ ಅರಿವಾದದ್ದು ಆಗ. ಮುಖ ಕೆಂಪಾಯಿತು. ಮಾಮನ ಕಡೆ ನೋಡಲೂ ಆಗಲಿಲ್ಲ, ನೋಡದೇ ಇರಲೂ ಆಗಲಿಲ್ಲ.

"ಮಾಮಾ, ನಾನು ಸುಮ್ನೆ..." ಎಂದಳು.

"ಕೇಳ್ಬೇಕು ತಾಯಿ," ಎಂದ ರಂಗಸಾಮಿ. "ಯಾರೇ ಕೊಡ್ಲಿ, ಕೇಳು."

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಮೆಲ್ಲಗೆ ಕುಡಿದಳು. ಅವನು ತನ್ನ ಲೋಟವನ್ನು ಮುಟ್ಟದೆ, ತೇನಿಯ ಬಸ್ಸು ಬರುವ ದಾರಿಯ ಕಡೆ ಮುಖ ಮಾಡಿ ನಿಂತ, ಅವಳು ಕುಡಿದು ಮುಗಿಸುವವರೆಗೂ.